ಗೋಡೆಯ ಮೇಲಿನ ಹಲ್ಲಿಗೆ ಒಂದು ದಾಖಲೆ ಪುಸ್ತಕ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಲ್ಲಿಯ ಬಗ್ಗೆ ಮಾತನಾಡುತ್ತೇನೆ ಎಂದು ಕಾರ್ಯದರ್ಶಿಯವರಿಗೆ ತಿಳಿಸಿದಾಗ ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. "ಸರ್, ವಿದ್ಯಾರ್ಥಿಗಳಿಗೆ ಉಪಯೋಗವಾಗುವಂಥದ್ದು ಏನಾದರೂ..." ಎಂದರು. ಇದು ಉಪಯೋಗವಾಗುವಂಥದ್ದೇ ಎಂದು ಹೇಳಿ ಒಪ್ಪಿಸಿದ್ದೇನೆ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟದ್ದಕ್ಕೆ ಅವರಿಗೆ ಕೃತಜ್ಞತೆಗಳು.

ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ಮನೆಯ ಗೋಡೆಯ ಮೇಲೆ ಹಲ್ಲಿ ನೋಡಿದವರು ಎಷ್ಟು ಮಂದಿ? ಕೈ ಎತ್ತಿ. ಬಹುತೇಕ ಎಲ್ಲರೂ ಎತ್ತಿದ್ದೀರಿ. ಅದರಲ್ಲಿ ಎಷ್ಟು ಹಲ್ಲಿ ಇದ್ದವು, ಬೆನ್ನಿನ ಮೇಲೆ ಚುಕ್ಕೆ ಇತ್ತೇ, ಬಾಲದ ಮೇಲೆ ಮುಳ್ಳಿನಂಥ ಸಾಲು ಇತ್ತೇ ಎಂದು ಹೇಳಬಲ್ಲವರು ಎಷ್ಟು ಮಂದಿ? ಈಗ ಕೈಗಳೆಲ್ಲ ಇಳಿದವು. ನಾಚಿಕೆಪಡಬೇಕಾಗಿಲ್ಲ. ನಾನೂ ಬಹಳ ವರ್ಷ ಹಾಗೆಯೇ ಇದ್ದೆ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವವರಿದ್ದಾರೆ, ಮೈಮೇಲೆ ಬಿದ್ದರೆ ಕಿರುಚುವವರಿದ್ದಾರೆ. ಆದರೆ ಅದು ಯಾವ ಹಲ್ಲಿ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಊರಿನ ಜನರಿಗೇ ಕೇಳಿದ ಒಂದು ವಸ್ತುಸಂಗ್ರಹಾಲಯದ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಸ್ ಏಂಜಲಿಸ್ ದೊಡ್ಡ ನಗರ. ಅಲ್ಲಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ 2013ರಲ್ಲಿ 'ರಾಸ್ಕಲ್ಸ್' ಎಂಬ ಯೋಜನೆ ಆರಂಭಿಸಿತು. ನಗಬೇಡಿ, ಅದು ಬೈಗುಳವಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಸರೀಸೃಪಗಳು ಮತ್ತು ಉಭಯವಾಸಿಗಳು ಎಂಬ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಜೋಡಿಸಿ ಮಾಡಿದ ಸಂಕ್ಷಿಪ್ತ ರೂಪ. ಕೇಳಿದ್ದು ಇಷ್ಟೇ: ನಿಮ್ಮ ಮನೆಯ ಸುತ್ತ ಹಲ್ಲಿ, ಹಾವು, ಕಪ್ಪೆ ಕಂಡರೆ ಒಂದು ಫೋಟೋ ತೆಗೆಯಿರಿ, ಎಲ್ಲಿ ಮತ್ತು ಯಾವಾಗ ಎಂದು ತಿಳಿಸಿ ಕಳುಹಿಸಿ.

ದೊಡ್ಡ ದೊಡ್ಡ ವಿಜ್ಞಾನಿಗಳಿರುವ ಸಂಸ್ಥೆಗೆ ಜನಸಾಮಾನ್ಯರ ಫೋಟೋ ಏಕೆ ಬೇಕಾಯಿತು? ಇಲ್ಲಿಯೇ ವಿಷಯದ ತಿರುಳು ಇದೆ. ನಗರದ ನೆಲದ ಬಹುಭಾಗ ಖಾಸಗಿಯವರದು. ಮನೆ, ಹಿತ್ತಲು, ಕಾಂಪೌಂಡು, ಗ್ಯಾರೇಜು. ಗೋಡೆಯ ಹಲ್ಲಿ ಹೊರಬರುವುದು ಕತ್ತಲಾದ ಮೇಲೆ. ರಾತ್ರಿ ಹತ್ತು ಗಂಟೆಗೆ ಅಪರಿಚಿತನೊಬ್ಬ ಟಾರ್ಚ್ ಹಿಡಿದು ನಿಮ್ಮ ಹಿತ್ತಲಿಗೆ ಬಂದು "ನಾನು ವಿಜ್ಞಾನಿ, ಹಲ್ಲಿ ಹುಡುಕುತ್ತಿದ್ದೇನೆ" ಎಂದರೆ ನೀವು ಏನು ಮಾಡುತ್ತೀರಿ? ನಾಯಿ ಬಿಡುತ್ತೀರಿ, ಇಲ್ಲವೇ ಪೊಲೀಸರಿಗೆ ಫೋನ್ ಮಾಡುತ್ತೀರಿ. ಲಕ್ಷಾಂತರ ಹಿತ್ತಲುಗಳಿಗೆ ಹೋಗಲು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ಆದರೆ ಆ ಹಿತ್ತಲುಗಳಲ್ಲಿ ಆಗಲೇ ಜನ ಇದ್ದಾರೆ. ಅವರ ಕೈಯಲ್ಲಿ ಕ್ಯಾಮೆರಾ ಇರುವ ಫೋನೂ ಇದೆ.

ಫಲ ಬೇಗ ಸಿಕ್ಕಿತು. ಲಾಸ್ ಏಂಜಲಿಸ್ ಬಳಿಯ ಟಾರನ್ಸ್ ಎಂಬ ಊರಿನ ನಿವಾಸಿಯೊಬ್ಬರು ತಮ್ಮ ಮನೆಯಲ್ಲಿ ಕಂಡ ಹಲ್ಲಿಯನ್ನು ತೋರಿಸಿದರು. ಸಂಗ್ರಹಾಲಯದವರು ನೋಡಿದರೆ ಅದು ಇಂಡೋ-ಪೆಸಿಫಿಕ್ ಹಲ್ಲಿ, ನಮ್ಮ ಏಷ್ಯಾ ಖಂಡದ ಕಡೆಯದು. ಕ್ಯಾಲಿಫೋರ್ನಿಯಾದಲ್ಲಿ ಅದು ನೆಲೆಸಿದೆ ಎಂಬ ಮೊದಲ ದಾಖಲೆ ಅದು. ಯಾವ ಸಂಶೋಧನಾ ತಂಡವೂ ಹುಡುಕಿ ತೆಗೆದದ್ದಲ್ಲ, ಮನೆಯ ಯಜಮಾನರು ಕಣ್ಣು ಬಿಟ್ಟು ನೋಡಿದ್ದರಿಂದ ಗೊತ್ತಾದದ್ದು. ಈ ಜಾತಿಯಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು. ಗಂಡಿನ ಸಹಾಯವಿಲ್ಲದೆಯೇ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಅಂದರೆ ನರ್ಸರಿಯ ಹೂಕುಂಡದ ಸಂದಿಯಲ್ಲಿ ಒಂದೇ ಒಂದು ಹಲ್ಲಿ, ಇಲ್ಲವೇ ಒಂದೇ ಮೊಟ್ಟೆ ಸಾಗಿ ಬಂದರೂ ಸಾಕು, ಹೊಸ ಊರಿನಲ್ಲಿ ಸಂಸಾರ ಶುರು.

ಅದೇ ನಗರದ ಸ್ಯಾನ್ ಪೆಡ್ರೊ ಎಂಬ ಬಂದರು ಪ್ರದೇಶದಲ್ಲಿ ಇನ್ನೊಂದು ಸಂಗತಿ. 1994ರಲ್ಲಿ ಅಲ್ಲಿನ ಒಬ್ಬರು ಇಟಲಿಯ ಸಿಸಿಲಿಯಿಂದ ಏಳು ಗೋಡೆಹಲ್ಲಿಗಳನ್ನು ತಂದು ಬಿಟ್ಟರು. ನಾಲ್ಕು ಗಂಡು, ಮೂರು ಹೆಣ್ಣು. ಹದಿನೈದು ವರ್ಷ ಕಳೆಯುವುದರೊಳಗೆ ಅವು ಸುಮಾರು ಸಾವಿರವಾದವು ಎಂದು ಅಂದಾಜು. ಅಮೆರಿಕದ ಮತ್ತೊಂದು ಮೂಲೆಯಲ್ಲಿ, ಸಿನ್ಸಿನಾಟಿ ಎಂಬ ಊರಿನಲ್ಲಿ, ಇದಕ್ಕಿಂತ ಹಳೆಯ ಕಥೆ ಇದೆ. 1951ರ ಸುಮಾರಿಗೆ ಹತ್ತು ವರ್ಷದ ಹುಡುಗನೊಬ್ಬ ಇಟಲಿಯ ಗಾರ್ಡಾ ಸರೋವರಕ್ಕೆ ಪ್ರವಾಸ ಹೋಗಿದ್ದವನು ಸುಮಾರು ಹತ್ತು ಹಲ್ಲಿಗಳನ್ನು ಗುಟ್ಟಾಗಿ ತಂದು ತನ್ನ ತೋಟದಲ್ಲಿ ಬಿಟ್ಟ. ಇಂದು ಆ ಊರಿನ ಕಲ್ಲುಗೋಡೆಗಳಲ್ಲೆಲ್ಲ ಅವುಗಳ ಸಂತತಿ. ಈ ಮಾತನ್ನು ಮುಂದಿನ ಸಾಲಿನಲ್ಲಿರುವ ಹತ್ತು ವರ್ಷದವರ ಕಡೆ ನೋಡಿಕೊಂಡೇ ಹೇಳುತ್ತಿದ್ದೇನೆ.

"ಹಲ್ಲಿ ಬಂದರೆ ಬರಲಿ, ಸೊಳ್ಳೆ ತಿನ್ನುತ್ತದೆ, ನಷ್ಟವೇನು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲ ಕಡೆ ನಷ್ಟ ಆಗುವುದಿಲ್ಲ. ಮನುಷ್ಯರ ಗೋಡೆಯನ್ನೇ ನಂಬಿ ಬದುಕುವ ಹಲ್ಲಿ ಗೋಡೆಯಲ್ಲೇ ಉಳಿದು, ಕಾಡಿಗೆ ಕಾಲಿಡದೇ ಇರಬಹುದು. ಆದರೆ ಎಲ್ಲಿ ನಷ್ಟವಾಯಿತೋ ಅಲ್ಲಿ ಅದು ತಿರುಗಿ ಬಾರದ ನಷ್ಟ.

ಜಪಾನ್ ದೇಶಕ್ಕೆ ಸೇರಿದ ಒಗಸವಾರಾ ದ್ವೀಪಗಳ ಹೆಸರು ಕೇಳಿದ್ದೀರಾ? ಟೋಕಿಯೋದಿಂದ ಸುಮಾರು ಸಾವಿರ ಕಿಲೋಮೀಟರು ದಕ್ಷಿಣಕ್ಕೆ, ಸಮುದ್ರದ ನಡುವೆ ಇವೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳು ಅಲ್ಲಿವೆ ಎಂಬ ಕಾರಣಕ್ಕೆ 2011ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1960ರ ದಶಕದಲ್ಲಿ ಅಲ್ಲಿನ ಚಿಚಿಜಿಮಾ ದ್ವೀಪಕ್ಕೆ ಅಮೆರಿಕ ಮೂಲದ ಹಸಿರು ಅನೋಲ್ ಎಂಬ ಹಲ್ಲಿ ಬಂತು. 1980ರ ದಶಕದಲ್ಲಿ ಹಹಜಿಮಾಕ್ಕೂ ಹೋಯಿತು. ಗಾತ್ರದಲ್ಲಿ ನಮ್ಮ ಓತಿಕ್ಯಾತಕ್ಕಿಂತ ಚಿಕ್ಕದು, ನೋಡಲು ಬಹಳ ಚೆಂದ, ಎಲೆಯಂತೆ ಹಸಿರು. ಹಗಲಿನಲ್ಲಿ ಹಾರಾಡುವ ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಕಾಡುಜೇನು ಯಾವುದನ್ನೂ ಅದು ಬಿಡಲಿಲ್ಲ. ಆ ದ್ವೀಪಗಳ ಕೀಟಗಳು ಇಂಥ ಬೇಟೆಗಾರನನ್ನು ಕಂಡೇ ಇರಲಿಲ್ಲ. ಎರಡೂ ದ್ವೀಪಗಳಲ್ಲಿ ಸ್ಥಳೀಯ ಕೀಟಗಳು ಬಹಳ ಬೇಗ ಮಾಯವಾದವು. ಕೀಟ ಹೋದ ಮೇಲೆ ಹೂವಿನ ಪರಾಗಸ್ಪರ್ಶದ ಗತಿಯೇನು ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಪಕ್ಕದ ಅನಿಜಿಮಾ ದ್ವೀಪ ಮಾತ್ರ ಉಳಿದಿದೆ ಎಂದು ಎಲ್ಲರೂ ಸಮಾಧಾನದಲ್ಲಿದ್ದಾಗ, 2013ರಲ್ಲಿ ಅಲ್ಲಿಯೂ ಅದೇ ಹಲ್ಲಿ ಕಾಣಿಸಿತು. ಆಮೇಲೆ ಅಂಟು ಬಲೆಗಳು, ಬೇಲಿಗಳು, ವರ್ಷಗಟ್ಟಲೆ ಹೋರಾಟ.

ಮಾರಿಷಸ್ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲೂ ಹೀಗೆಯೇ. ಅಲ್ಲಿನ ಮೂಲ ಹಲ್ಲಿಗಳಾದ ನ್ಯಾಕ್ಟಸ್ ಗುಂಪಿನವು ಮನೆಹಲ್ಲಿ ಬಂದ ಕಡೆ ಕುಗ್ಗಿ ಹೋದವು, ಅದು ಕಾಲಿಡದ ಸಣ್ಣ ದ್ವೀಪಗಳಲ್ಲಿ ಉಳಿದುಕೊಂಡವು. ಆ ಮನೆಹಲ್ಲಿ ಯಾವುದು ಗೊತ್ತೇ? ಹೆಮಿಡಾಕ್ಟೈಲಸ್ ಫ್ರೆನಾಟಸ್. ದಕ್ಷಿಣ ಭಾರತದ ನಮ್ಮ ನಿಮ್ಮ ಮನೆಗಳಲ್ಲಿ ಟ್ಯೂಬ್‌ಲೈಟಿನ ಹಿಂದೆ ಕುಳಿತು ಲೊಚಗುಟ್ಟುವ ಅದೇ ಜಾತಿ. ಹೆಣ್ಣು ಒಮ್ಮೆಗೆ ಎರಡು ಮೊಟ್ಟೆ ಇಡುತ್ತದೆ. ಸಿಪ್ಪೆ ಗಟ್ಟಿ, ಬೇಗ ಒಣಗುವುದಿಲ್ಲ. ಮರದ ದಿಮ್ಮಿ, ಪೆಟ್ಟಿಗೆ, ಹಡಗಿನ ಸಂದಿಗೊಂದಿಗಳಲ್ಲಿ ಕುಳಿತು ಏಷ್ಯಾದ ಈ ಹಲ್ಲಿ ಪೆಸಿಫಿಕ್ ದ್ವೀಪಗಳನ್ನೂ ಆಸ್ಟ್ರೇಲಿಯಾವನ್ನೂ ಅಮೆರಿಕವನ್ನೂ ಮುಟ್ಟಿದೆ. ಪೆಸಿಫಿಕ್ ದ್ವೀಪಗಳಲ್ಲಿ ವಿಜ್ಞಾನಿಗಳು ಒಂದು ಸೊಗಸಾದ ವಿಷಯ ಕಂಡರು. ದೀಪ ಇದ್ದ ಕಡೆ ಹುಳುಗಳೆಲ್ಲ ಒಂದೇ ಜಾಗದಲ್ಲಿ ಗುಂಪಾಗುತ್ತವೆ. ಅಲ್ಲಿ ಗಾತ್ರದಲ್ಲಿ ದೊಡ್ಡದಾದ, ಚುರುಕಾದ ನಮ್ಮ ಹಲ್ಲಿ ನಿಂತುಬಿಟ್ಟರೆ ಅಲ್ಲಿನ ಸಣ್ಣ ಹಲ್ಲಿಗೆ ಊಟ ಸಿಗುವುದಿಲ್ಲ. ಅಂದರೆ ಸ್ಪರ್ಧೆಯ ಅಖಾಡವನ್ನು ಕಟ್ಟಿಕೊಟ್ಟದ್ದು ಮನುಷ್ಯ ಹಚ್ಚಿದ ದೀಪ.

ನಮ್ಮಲ್ಲಿಂದ ಹೊರಟವು ಇನ್ನೂ ಇವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಚುಕ್ಕೆ ಹಲ್ಲಿ, ಹೆಮಿಡಾಕ್ಟೈಲಸ್ ಪಾರ್ವಿಮ್ಯಾಕುಲೇಟಸ್, ಅಮೆರಿಕದ ನ್ಯೂ ಓರ್ಲಿಯನ್ಸ್ ಬಂದರಿನಲ್ಲಿ ನೆಲೆಸಿದೆ ಎಂದು ಕೆಲವು ವರ್ಷಗಳ ಹಿಂದೆ ಗೊತ್ತಾಯಿತು. ಬೇಲಿಯ ಮೇಲೆ ಕುಳಿತು ತಲೆ ಆಡಿಸುವ ಓತಿಕ್ಯಾತವನ್ನು ಉರ್ದು ಮಾತನಾಡುವ ಮನೆಗಳಲ್ಲಿ ಗಿರ್‌ಗಿಟ್ ಎನ್ನುತ್ತೀರಿ. ಅದೇ ಗುಂಪಿನ ಹಲ್ಲಿ 1865ರ ಸುಮಾರಿಗೆ ಜಾವಾದ ಕಬ್ಬಿನ ತುಂಡುಗಳ ಜೊತೆ ರೀಯೂನಿಯನ್ ದ್ವೀಪ ಸೇರಿತು. 1980ರ ದಶಕದಲ್ಲಿ ಸಿಂಗಾಪುರದಲ್ಲೂ ಕಾಣಿಸಿಕೊಂಡಿತು. ಅಲ್ಲಿ ಮೊದಲಿನಿಂದ ಇದ್ದ ಹಸಿರು ಜುಟ್ಟಿನ ಹಲ್ಲಿ ಉದ್ಯಾನಗಳನ್ನು ಇದಕ್ಕೆ ಬಿಟ್ಟುಕೊಟ್ಟು ಕಾಡಿನ ಕಡೆ ಸರಿದಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಶಾಸ್ತ್ರದಲ್ಲಿ 'ಹೊರಗಿನದು', 'ಆಕ್ರಮಣಕಾರಿ' ಎಂಬ ಪದಗಳು ಪದೇ ಪದೇ ಬರುತ್ತವೆ. ಈ ಪದಗಳನ್ನು ಪ್ರಾಣಿಶಾಸ್ತ್ರದಿಂದ ಎತ್ತಿಕೊಂಡು ಮನುಷ್ಯರ ಮೇಲೆ ಎಸೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದು ಶಾಸ್ತ್ರವೂ ಅಲ್ಲ, ಸಭ್ಯತೆಯೂ ಅಲ್ಲ. ಹಲ್ಲಿ ತಾನಾಗಿ ಸಮುದ್ರ ದಾಟಲಿಲ್ಲ. ದಾಟಿಸಿದವರು ನಾವು. ತಪ್ಪು ಹಲ್ಲಿಯದಲ್ಲ, ಕುಂಡದ ತಳ ನೋಡದೆ ಸಾಗಿಸಿದವರದು, ಸಾಕಲು ತಂದು ಬೇಸರವಾದಾಗ ಪಾರ್ಕಿನಲ್ಲಿ ಬಿಟ್ಟವರದು. ಇಂಥ ಕೆಲಸಕ್ಕೆ ಹಿಂದೆ 'ಸಿಟಿಜನ್ ಸೈನ್ಸ್', ಅಂದರೆ ನಾಗರಿಕ ವಿಜ್ಞಾನ, ಎಂಬ ಹೆಸರು ಇತ್ತು. ಪೌರತ್ವದ ಕಾಗದ ಇಲ್ಲದವರು ಆ ಪದ ಕೇಳಿ ಹಿಂಜರಿಯಬಾರದು ಎಂದು ಅಮೆರಿಕದ ಹಲವು ಸಂಸ್ಥೆಗಳು ಈಗ 'ಸಮುದಾಯ ವಿಜ್ಞಾನ' ಎನ್ನುತ್ತಿವೆ. ನನಗೆ ಈ ಹೆಸರೇ ಹಿಡಿಸುತ್ತದೆ.

ಇನ್ನು ಕೆಲಸ ನಡೆಯುವ ಬಗೆ ಹೇಗೆ? ರಾಸ್ಕಲ್ಸ್ ಯೋಜನೆಯ ಫೋಟೋಗಳು ಸೇರುವುದು ಐನ್ಯಾಚುರಲಿಸ್ಟ್ ಎಂಬ ತಾಣಕ್ಕೆ. ಇದನ್ನು ಕಟ್ಟಿದವರು ಯಾರು ಎಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು. 2008ರಲ್ಲಿ ಸ್ನಾತಕೋತ್ತರ ಪದವಿಯ ಪ್ರಾಜೆಕ್ಟ್ ಆಗಿ ಮಾಡಿದ್ದು. ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಬೈಂಡ್ ಮಾಡಿಸಿ ತರುವ ವಸ್ತು ಎಂದು ತಿಳಿದಿರುವ ನಮ್ಮ ಕಾಲೇಜಿನ ಮಕ್ಕಳು ಇದನ್ನು ಗಮನಿಸಬೇಕು. ನೀವು ಫೋಟೋ, ಸ್ಥಳ, ದಿನಾಂಕ ಸೇರಿಸುತ್ತೀರಿ. ಹೆಸರು ಗೊತ್ತಿಲ್ಲದಿದ್ದರೆ 'ಹಲ್ಲಿ' ಎಂದಷ್ಟೇ ಬರೆಯಬಹುದು. ಬಲ್ಲವರು ನೋಡಿ ಜಾತಿ ಗುರುತಿಸುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡರಷ್ಟಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರು ಹೇಳಿದರೆ ಆ ದಾಖಲೆ ಸಂಶೋಧನೆಗೆ ಯೋಗ್ಯ ಎಂಬ ದರ್ಜೆ ಪಡೆಯುತ್ತದೆ. ನಿಮ್ಮ ಮನೆಯ ನಿಖರ ಜಾಗ ಎಲ್ಲರಿಗೂ ತಿಳಿಯಬಾರದು ಎಂದಿದ್ದರೆ ಅದನ್ನು ಮಸುಕುಗೊಳಿಸುವ ವ್ಯವಸ್ಥೆಯೂ ಇದೆ. ಹೆಣ್ಣುಮಕ್ಕಳ ತಂದೆ ತಾಯಂದಿರು ಇದನ್ನು ಕೇಳಿಯೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿದೆ.

ದಿನಾಂಕ ಮತ್ತು ಸ್ಥಳ ಎಂದು ಇಷ್ಟು ಸಲ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗ ಒಂದು ಅಪರೂಪದ ಹಾವುರಾಣಿಯ ಫೋಟೋ ತಂದ. ಬಹಳ ಸ್ಪಷ್ಟವಾಗಿತ್ತು. ಎಲ್ಲಿ ತೆಗೆದದ್ದು ಎಂದು ಕೇಳಿದೆ. "ಸರ್, ಮಾಮನ ಮೊಬೈಲಿನಿಂದ ಬಂತು." ಮಾಮ ಎಲ್ಲಿ ತೆಗೆದರು? "ಅವರಿಗೆ ಯಾರೋ ಕಳಿಸಿದ್ದು." ಆ ಯಾರೋ ಯಾರು ಎಂದು ಹುಡುಕುತ್ತಾ ಹೋದರೆ ದಾರಿ ಮೂರನೇ ಮನೆಯಲ್ಲಿ ನಿಂತುಹೋಯಿತು. ಅಷ್ಟು ಒಳ್ಳೆಯ ಚಿತ್ರ ಒಂದು ಕಾಸಿನ ಬೆಲೆಗೂ ಬಾರದೇ ಹೋಯಿತು. ಮಂಜು ಮಂಜಾದ ಫೋಟೋಗೆ ಸರಿಯಾದ ಊರು, ದಿನ, ಗಂಟೆ ಇದ್ದರೆ ಅದು ಇದಕ್ಕಿಂತ ಎಷ್ಟೋ ಮೇಲು. ತಪ್ಪು ನನ್ನದೂ ಇದೆ. ನನ್ನ ಹಳೆಯ ಡೈರಿಗಳಲ್ಲಿ 'ಇಂದು ಹಿತ್ತಲಲ್ಲಿ ಒಂದು ವಿಶೇಷ ಹಲ್ಲಿ' ಎಂಬ ಸಾಲುಗಳಿವೆ. ಯಾವ ಊರಿನ ಹಿತ್ತಲು ಎಂದು ಬರೆದಿಲ್ಲ. ವರ್ಗಾವಣೆಯಾಗುತ್ತಲೇ ಇದ್ದೆ, ಈಗ ನೆನಪೂ ಇಲ್ಲ.

ಇನ್ನೊಂದು ಎಚ್ಚರಿಕೆ. ನಕ್ಷೆಯ ಮೇಲೆ ಚುಕ್ಕೆಗಳು ಹೆಚ್ಚಿರುವ ಕಡೆ ಹಲ್ಲಿ ಹೆಚ್ಚಿದೆ ಎಂದು ಅರ್ಥವಲ್ಲ. ಅಲ್ಲಿ ಫೋಟೋ ತೆಗೆಯುವವರು ಹೆಚ್ಚಿದ್ದಾರೆ ಎಂದೂ ಆಗಬಹುದು. ಚುಕ್ಕೆ ಇಲ್ಲದ ಕಡೆ ಹಲ್ಲಿ ಇಲ್ಲವೆಂದೂ ಅಲ್ಲ. ಆದ್ದರಿಂದ ಅಪರೂಪದ್ದನ್ನು ಮಾತ್ರ ದಾಖಲಿಸುತ್ತೇನೆ ಎನ್ನುವವನ ದಾಖಲೆ ಅರ್ಧ ಸತ್ಯ. ಸಾಮಾನ್ಯ ಹಲ್ಲಿಯನ್ನೂ ಬರೆದಿಟ್ಟರೆ ಮಾತ್ರ, ಹತ್ತು ವರ್ಷದ ಮೇಲೆ ಅದು ಕಡಿಮೆಯಾಗಿದೆಯೋ ಇಲ್ಲವೋ ಹೇಳಲು ಬರುತ್ತದೆ. ಸ್ಯಾನ್ ಪೆಡ್ರೊದಲ್ಲಿ ಇಟಲಿಯ ಹಲ್ಲಿ ಹೆಚ್ಚಿದಂತೆ ಅಲ್ಲಿನ ಸ್ವಂತ ಬೇಲಿಹಲ್ಲಿ ಕುಗ್ಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಬೇಲಿಹಲ್ಲಿಯ ಸಾವಿರಾರು 'ಬೇಸರದ' ಫೋಟೋಗಳೇ ಬೇಕು.

ಸಮಯದ ಮಹತ್ವವನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಅಮೆರಿಕದ ಟೆಗು ಎಂಬ ದೊಡ್ಡ ಹಲ್ಲಿಯನ್ನು, ಸುಮಾರು ನಮ್ಮ ಉಡದಷ್ಟು ಗಾತ್ರದ್ದು, ಅಮೆರಿಕದಲ್ಲಿ ಸಾಕುಪ್ರಾಣಿಯಾಗಿ ಮಾರುತ್ತಿದ್ದರು. ತಪ್ಪಿಸಿಕೊಂಡವು, ಬಿಟ್ಟವು ಸೇರಿ ಫ್ಲಾರಿಡಾದಲ್ಲಿ ಬೇರು ಬಿಟ್ಟವು. ನೆಲದಲ್ಲಿ ಗೂಡು ಮಾಡುವ ಹಕ್ಕಿ, ಆಮೆ, ಮೊಸಳೆಗಳ ಮೊಟ್ಟೆ ಎಂದರೆ ಅದಕ್ಕೆ ಬಹಳ ಇಷ್ಟ. 2021ರಲ್ಲಿ ಫ್ಲಾರಿಡಾ ಸರ್ಕಾರ ಟೆಗು ಮತ್ತು ಇಗ್ವಾನಾಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಬಹಳ ತಡವಾಗಿತ್ತು. ಪಕ್ಕದ ಜಾರ್ಜಿಯಾ ರಾಜ್ಯದಲ್ಲಿ ಟೂಂಬ್ಸ್, ಟ್ಯಾಟ್ನಲ್ ಎಂಬ ಎರಡು ಜಿಲ್ಲೆಗಳಲ್ಲಿ ಮಾತ್ರ ಕಾಣಿಸಿಕೊಂಡಾಗಲೇ ಅಲ್ಲಿನ ಇಲಾಖೆ ರೈತರನ್ನೂ ದಾರಿಹೋಕರನ್ನೂ ಕೇಳಿಕೊಂಡಿತು: ಜೀವಂತವಾಗಿ ಕಂಡರೂ ತಿಳಿಸಿ, ರಸ್ತೆಯಲ್ಲಿ ಸತ್ತು ಬಿದ್ದಿದ್ದರೂ ತಿಳಿಸಿ. ವರದಿ ಬಂದ ಕಡೆ ಬೋನು ಇಡುತ್ತಾರೆ. ಹತ್ತು ಪ್ರಾಣಿ ಇದ್ದಾಗ ಬೋನು ಸಾಕು. ಹತ್ತು ಸಾವಿರವಾದ ಮೇಲೆ ಬಜೆಟ್ಟೂ ಸಾಲದು.

ನಮ್ಮ ದೇಶಕ್ಕೆ ಬರೋಣ. ಪರದೇಶದ ಇಗ್ವಾನಾ, ಗೆಕ್ಕೊ ಸಾಕುವ ಹುಚ್ಚು ನಮ್ಮ ನಗರಗಳಿಗೂ ಬಂದಿದೆ. 2022ರ ಡಿಸೆಂಬರಿನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು ಎಂಬ ನಿಯಮ ಬಂದಿದೆ. ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಸಾಕಿದ್ದರೆ ಅವರನ್ನು ಬೈಯಬೇಡಿ, ಹಂಗಿಸಬೇಡಿ. ಸಾಕಲು ಕಷ್ಟವಾದರೆ ಕೆರೆಯ ದಂಡೆಯಲ್ಲಿ ಬಿಡಬೇಡ, ಅರಣ್ಯ ಇಲಾಖೆಯವರನ್ನು ಕೇಳು ಎಂದು ತಿಳಿಹೇಳಿ. ಹಾಗೆಯೇ, ಗುರುತಾಗದ ಹಲ್ಲಿ ಕಂಡ ಕೂಡಲೇ ಪೊರಕೆ ಎತ್ತಬೇಡಿ. ಫೋಟೋ ತೆಗೆಯಿರಿ, ಕೇಳಿ. ಹತ್ತರಲ್ಲಿ ಒಂಬತ್ತು ಸಲ ಅದು ನಮ್ಮದೇ ಹಲ್ಲಿ ಆಗಿರುತ್ತದೆ. ಉಡವಂತೂ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಅದನ್ನು ಹಿಡಿಯುವುದು, ಹೊಡೆಯುವುದು ಅಪರಾಧ.

ಜನರ ಕಣ್ಣನ್ನು ನಂಬಿ ಶಾಸ್ತ್ರ ಕಟ್ಟುವುದು ನಮ್ಮ ನಾಡಿಗೆ ಹೊಸದೂ ಅಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಡಾ. ಸಲೀಂ ಅಲಿಯವರ ಹೆಸರು ನಿಮಗೆಲ್ಲ ಗೊತ್ತು. ಅವರ ಬಂಧು ಜಫರ್ ಫತೇಹಅಲಿಯವರ ಹೆಸರು ಅಷ್ಟಾಗಿ ಗೊತ್ತಿಲ್ಲ. 1960ರ ಹೊತ್ತಿಗೆ ಅವರು ಹಕ್ಕಿ ನೋಡುವವರಿಗಾಗಿ ಒಂದು ಪುಟ್ಟ ಇಂಗ್ಲಿಷ್ ವಾರ್ತಾಪತ್ರ ಶುರು ಮಾಡಿದರು. ಬೆಂಗಳೂರಿನ ಬಳಿಯೂ ಬಹುಕಾಲ ನೆಲೆಸಿದ್ದರು. ದೇಶದ ಮೂಲೆ ಮೂಲೆಯ ಹವ್ಯಾಸಿಗಳು ಅಂಚೆಯಲ್ಲಿ ಕಳಿಸಿದ ಟಿಪ್ಪಣಿಗಳೇ ಅದರ ಪುಟಗಳನ್ನು ತುಂಬುತ್ತಿದ್ದವು. ಫೋನಿನ ಕ್ಯಾಮೆರಾ ಇರಲಿಲ್ಲ, ನಕ್ಷೆ ತೋರಿಸುವ ಉಪಗ್ರಹ ಇರಲಿಲ್ಲ. ಪೋಸ್ಟ್ ಕಾರ್ಡ್ ಇತ್ತು, ನೋಡಿದ್ದನ್ನು ನೋಡಿದಷ್ಟೇ ಬರೆಯುವ ಅಭ್ಯಾಸ ಇತ್ತು.

ನಮ್ಮ ಸಂಸ್ಥೆಯ ಶಾಲೆ, ಕಾಲೇಜು, ಹಾಸ್ಟೆಲುಗಳಿಗೆ ನನ್ನದೊಂದು ಕೋರಿಕೆ ಇದೆ. ಪ್ರತಿ ಹಾಸ್ಟೆಲಿನಲ್ಲಿ ಒಂದು ಗೆರೆ ಹಾಕಿದ ಪುಸ್ತಕ ಇಡಿ. ತಿಂಗಳಿಗೆ ಒಂದು ರಾತ್ರಿ, ಊಟವಾದ ಮೇಲೆ ಅರ್ಧ ಗಂಟೆ, ಹೊರಗಿನ ದೀಪಗಳ ಕೆಳಗೆ ಎಣಿಸಿ. ದಿನಾಂಕ, ಗಂಟೆ, ಯಾವ ಗೋಡೆ, ಎಷ್ಟು ಹಲ್ಲಿ, ನೋಡಿದವರ ಹೆಸರು. ಏನೂ ಕಾಣದಿದ್ದರೆ ಸೊನ್ನೆ ಬರೆಯಿರಿ. ಆ ಸೊನ್ನೆಯೂ ದಾಖಲೆಯೇ. ಹೊಸ ಗಿಡಗಳ ಕುಂಡ ಬಂದ ದಿನ ಅದರ ತಳ, ಅಂಚು ನೋಡಿ. ಗಲ್ಫಿನಲ್ಲಿ, ಬೇರೆ ದೇಶಗಳಲ್ಲಿ ಇರುವ ನಮ್ಮ ಸದಸ್ಯರು ತಾವು ಇರುವ ಊರಿನ ಗೋಡೆಯನ್ನೂ ಹೀಗೆಯೇ ನೋಡಬಹುದು. ಐನ್ಯಾಚುರಲಿಸ್ಟಿಗೆ ಹಾಕುವ ಕೆಲಸವನ್ನು ಪಿಯುಸಿ ಮಕ್ಕಳು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಕಲಿಸಲು ನಾನು ಬರುತ್ತೇನೆ. ಬಸ್ ಚಾರ್ಜು ಬೇಡ, ಒಂದು ಲೋಟ ಚಹಾ ಸಾಕು.

ನಿನ್ನೆ ರಾತ್ರಿ ನಾನು ಬರೆದ ಸಾಲು ಇದು: ರಾತ್ರಿ 8.40, ಅಡುಗೆಮನೆಯ ಹೊರಗೋಡೆ, ದೀಪದ ಎಡಕ್ಕೆ ಎರಡು ದೊಡ್ಡವು, ನೀರಿನ ಪೈಪಿನ ಹಿಂದೆ ಒಂದು ಮರಿ. ದೊಡ್ಡವು ಫ್ರೆನಾಟಸ್. ಮರಿ ಯಾವುದೆಂದು ಖಚಿತವಿಲ್ಲ, ಫೋಟೋ ಅಲುಗಾಡಿದೆ. ಇಂದು ಊರಿಗೆ ಹಿಂತಿರುಗಿದ ಮೇಲೆ ಅದನ್ನು ಮತ್ತೊಮ್ಮೆ ಹುಡುಕಬೇಕು. ಆದ್ದರಿಂದ ಊಟದ ನಂತರ ನಾನು ಬೇಗ ಹೊರಡುತ್ತೇನೆ, ಅಧ್ಯಕ್ಷರು ದಯವಿಟ್ಟು ಕ್ಷಮಿಸಬೇಕು.